ದೇವರ ಗೂಡಿನ ಮ್ಯಾಗ್ನೆಟ್

2021ರ ಕೊನೆಯ ಹೊತ್ತಿಗೆ ನಾನು ಠಾಣೆ ನಗರದ ಒಂದು ಖಾಸಗಿ ಆಸ್ಪತ್ರೆಯ ಹೃದ್ರೋಗ ವಿಭಾಗದಲ್ಲಿ ಹಿರಿಯ ಟೆಕ್ನಾಲಜಿಸ್ಟ್ ಆಗಿದ್ದೆ. ಡಾಕ್ಟರಲ್ಲ, ನರ್ಸೂ ಅಲ್ಲ. ಎದೆಯೊಳಗೆ ಕೂರಿಸುವ ಪೇಸ್‌ಮೇಕರ್‌ನಂಥ ಉಪಕರಣಗಳನ್ನು ಪರೀಕ್ಷಿಸಿ, ಡಾಕ್ಟರು ಹೇಳಿದಂತೆ ಅವುಗಳ ಸೆಟ್ಟಿಂಗ್ ಹೊಂದಿಸುವುದು ನನ್ನ ಕೆಲಸ. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಕಲ್ಯಾಣಕ್ಕೆ. ಕಲ್ಯಾಣದಿಂದ ಠಾಣೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ನಿಂತೇ ನನ್ನ ಆಯುಷ್ಯದ ದೊಡ್ಡ ಪಾಲು ಕಳೆಯಿತು. ಅಲ್ಲಿ ಕಲಿತ ಗಟ್ಟಿ ದನಿ ಮತ್ತು ಒರಟು ಮಾತು ಆಸ್ಪತ್ರೆಗೂ ನನ್ನ ಜೊತೆ ಬರುತ್ತಿದ್ದವು. ರೋಗಿಗಳು ನಿಮಗೆ ಹೆದರುತ್ತಾರೆ ಎಂದು ಜೊತೆಯವರು ಹೇಳುತ್ತಿದ್ದರು. ಪದ್ಮನಾಭ ರಾಯರು ಮಾತ್ರ ಹೆದರಲಿಲ್ಲ.

ರಾಯರು ಉಡುಪಿ ಕಡೆಯವರು. ಡೊಂಬಿವಲಿ ಪೂರ್ವದಲ್ಲಿ ಅವರದೊಂದು ಶಾಕಾಹಾರಿ ಹೋಟೆಲ್. ನಾನು ಮೊದಲ ಸಲ ನೋಡಿದಾಗ ಗಾಲಿಕುರ್ಚಿಯಲ್ಲಿದ್ದರು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದರು. ಮಾತ್ರೆಗಳಿಂದ ಆಗಬೇಕಾದದ್ದೆಲ್ಲ ಆಗಿ ಮುಗಿದಿತ್ತು. ಪಕ್ಕದಲ್ಲಿ ಹೆಂಡತಿ ಸುಮತಿ ನಿಂತಿದ್ದರು. ಆಕೆ ಇಡೀ ಹೊತ್ತು ಗಂಡನ ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ.

ಹೃದಯದ ಎಡ ಮತ್ತು ಬಲ ಕೋಣೆಗಳು ಒಟ್ಟಿಗೆ ಹಿಂಡಿಕೊಂಡರೆ ಮಾತ್ರ ರಕ್ತ ಸರಿಯಾಗಿ ಹೊರಬೀಳುತ್ತದೆ. ರಾಯರ ಹೃದಯದಲ್ಲಿ ಎಡಭಾಗಕ್ಕೆ ವಿದ್ಯುತ್ ಸಂಕೇತ ತಡವಾಗಿ ತಲುಪುತ್ತಿತ್ತು. ಇಂಥವರಿಗೆ ಸಿಆರ್‌ಟಿ ಎಂಬ ಉಪಕರಣ ಹಾಕುತ್ತಾರೆ. ಕೊರಳೆಲುಬಿನ ಕೆಳಗೆ ಚರ್ಮದಡಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ, ಅಲ್ಲಿಂದ ಹೃದಯಕ್ಕೆ ತಂತಿಗಳು. ಅದು ಎರಡೂ ಕಡೆ ಸರಿಯಾದ ಹೊತ್ತಿಗೆ, ರೋಗಿಗೆ ಗೊತ್ತೂ ಆಗದಷ್ಟು ಸಣ್ಣ ವಿದ್ಯುತ್ ಕೊಟ್ಟು ಬಡಿತವನ್ನು ಜೊತೆಗೂಡಿಸುತ್ತದೆ. ನಾನು ಇಷ್ಟನ್ನು ಚಿತ್ರ ಬರೆದು ವಿವರಿಸಿದೆ. ರಾಯರು ಏದುಸಿರಿನಲ್ಲೇ ನಕ್ಕರು.

"ಅಂದ್ರೆ ಸಾಂಬಾರಿನ ಕೊಪ್ಪರಿಗೆ ಇಬ್ರು ಎತ್ತಿದ ಹಾಗೆ. ಒಬ್ಬ ಮೊದ್ಲು ಎತ್ತಿ ಇನ್ನೊಬ್ಬ ಆಮೇಲೆ ಎತ್ತಿದ್ರೆ ಚೆಲ್ತದೆ. ಒಟ್ಟಿಗೆ ಎತ್ತಿ ಅಂತ ಹೇಳ್ಲಿಕ್ಕೆ ಒಬ್ಬ ಮ್ಯಾನೇಜರ್ ಬೇಕು, ಅಲ್ವಾ?"

ನನ್ನ ಚಿತ್ರಕ್ಕಿಂತ ಅವರ ಕೊಪ್ಪರಿಗೆಯೇ ಚೆನ್ನಾಗಿತ್ತು. ಆಮೇಲೆ ನಾನು ಎಷ್ಟೋ ಜನಕ್ಕೆ ಹಾಗೆಯೇ ವಿವರಿಸಿದ್ದೇನೆ. ಅಂದಿನಿಂದ ಆ ಪೆಟ್ಟಿಗೆಗೆ ಮ್ಯಾನೇಜರ್ ಎಂಬ ಹೆಸರೇ ನಿಂತಿತು.

ರಾಯರಿಗೆ ಹಾಕಿದ ಮಾದರಿಗೆ ಇನ್ನೊಂದು ಕೆಲಸವೂ ಇತ್ತು. ದುರ್ಬಲ ಹೃದಯ ಒಮ್ಮೊಮ್ಮೆ ಲಯ ತಪ್ಪಿ ಹುಚ್ಚುಹುಚ್ಚಾಗಿ ಬಡಿಯತೊಡಗುತ್ತದೆ. ಹಾಗೇ ಬಿಟ್ಟರೆ ಮನುಷ್ಯ ಕುಸಿದು ಸಾಯಬಹುದು. ಆಗ ಈ ಉಪಕರಣ ಒಳಗಿನಿಂದಲೇ ಜೋರಾಗಿ ಒಂದು ಶಾಕ್ ಕೊಟ್ಟು ಹೃದಯವನ್ನು ಹಾದಿಗೆ ತರುತ್ತದೆ. ಎಚ್ಚರವಿದ್ದಾಗ ಆ ಶಾಕ್ ಬಿದ್ದರೆ ಎದೆಗೆ ಕತ್ತೆ ಒದ್ದಂತಾಗುತ್ತದೆ ಎಂದು ರೋಗಿಗಳು ಹೇಳುತ್ತಾರೆ. ಹೀಗೆ ಜೊತೆಗೂಡಿಸಿ ಎತ್ತಿಸುವುದು ಒಂದು ಕೆಲಸ, ಬೇಕಾದಾಗ ಹೊಡೆಯುವುದು ಇನ್ನೊಂದು. ಒಂದೇ ಪೆಟ್ಟಿಗೆಯಲ್ಲಿದ್ದರೂ ಇವೆರಡು ಬೇರೆ ಬೇರೆ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಉಳಿಸಿಕೊಳ್ಳಬಹುದು. ಮುಂದಿನದೆಲ್ಲ ನಡೆದದ್ದು ಈ ಸಂಗತಿಯ ಸುತ್ತ.

ಸಿಆರ್‌ಟಿ ಎಲ್ಲರಿಗೂ ಕೈಹಿಡಿಯುವುದಿಲ್ಲ. ರಾಯರಿಗೆ ಹಿಡಿಯಿತು. ಕೆಲವೇ ತಿಂಗಳಲ್ಲಿ ಕಾಲಿನ ಬಾವು ಇಳಿಯಿತು, ಡೊಂಬಿವಲಿ ಸ್ಟೇಷನ್ನಿನ ಸೇತುವೆಯನ್ನು ಎಲ್ಲಿಯೂ ನಿಲ್ಲದೆ ಹತ್ತಿದೆನೆಂದು ಮಗುವಿನ ಹಾಗೆ ಹೇಳಿಕೊಂಡರು. ಮತ್ತೆ ಹೋಟೆಲಿನ ಗಲ್ಲಾದಲ್ಲಿ ಕೂತರು. ತಪಾಸಣೆಗೆ ಬರುವಾಗಲೆಲ್ಲ ನನಗೆ ಗೋಳಿಬಜೆಯ ಪಾರ್ಸೆಲ್ ತರುತ್ತಿದ್ದರು. ನೀವೂ ತಿಂದಿರೇನು, ಉಪ್ಪು ಮುಟ್ಟಬಾರದೆಂದು ಎಷ್ಟು ಸಲ ಹೇಳಬೇಕು ಎಂದು ನಾನು ಬೈಯುತ್ತಿದ್ದೆ. ನೋಡಿದ್ದು ಮಾತ್ರ ಎನ್ನುತ್ತಿದ್ದರು. ಸುಮತಿ ಮೆಲ್ಲಗೆ ತಲೆಯಾಡಿಸಿ, ತಿಂದಿದ್ದಾರೆ ಎಂದು ಕಣ್ಣಲ್ಲೇ ಚಾಡಿ ಹೇಳುತ್ತಿದ್ದರು. ನಾನು ಆಕೆಯನ್ನು ನಮ್ಮ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎನ್ನತೊಡಗಿದೆ. ಅವರಿಗೆ ನಾನು ಶಾಂತಕ್ಕ ಆದೆ.

ಈ ಉಪಕರಣದ ಜೊತೆ ಮನೆಗೊಂದು ಮಾನಿಟರ್ ಕೊಡುತ್ತಾರೆ. ಮಂಚದ ಪಕ್ಕದಲ್ಲಿಟ್ಟರೆ, ರೋಗಿ ಮಲಗಿದ್ದಾಗ ಅದು ಎದೆಯೊಳಗಿನ ಪೆಟ್ಟಿಗೆಯಿಂದ ಮಾಹಿತಿ ಪಡೆದು ನಮಗೆ ಕಳಿಸುತ್ತದೆ. ರಾಯರ ಮಾನಿಟರಿನಿಂದ ಏನೂ ಬರುತ್ತಿರಲಿಲ್ಲ. ಫೋನ್ ಮಾಡಿದರೆ, ಚೆನ್ನಾಗಿ ಇಟ್ಟಿದ್ದೇವೆ ಎನ್ನುತ್ತಿದ್ದರು. ಒಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಡೊಂಬಿವಲಿಯಲ್ಲಿಳಿದು ಅವರ ಹೋಟೆಲಿಗೇ ಹೋದೆ. ಗಲ್ಲಾದ ಮೇಲ್ಗಡೆ ದೇವರ ಗೂಡು. ಅಲ್ಲಿ ಕೃಷ್ಣನ ಪಟದ ಪಕ್ಕದಲ್ಲಿ, ಊದುಬತ್ತಿಯ ಬೂದಿ ಮೆತ್ತಿಕೊಂಡು, ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೊಂದು ದಾಸವಾಳ ಹೊತ್ತು ನಮ್ಮ ಮಾನಿಟರ್ ಕೂತಿತ್ತು.

ನನಗೆ ನಗಬೇಕೋ ಕೂಗಾಡಬೇಕೋ ತಿಳಿಯಲಿಲ್ಲ. ಅನ್ನ ಕೊಡುವ ಜಾಗದಲ್ಲಿ ಇರಲಿ ಎಂದು ಇಟ್ಟೆ ಎಂದು ಸುಮತಿ ಹೇಳಿದರು. ಹೋಟೆಲಿನವರಿಗೆ ಇದು ವಿಚಿತ್ರವೇನಲ್ಲ. ಆಯುಧಪೂಜೆಯ ದಿನ ಗ್ರೈಂಡರಿಗೆ, ಒಲೆಗೆ, ತಕ್ಕಡಿಗೆ ಹೂ ಕುಂಕುಮ ಏರಿಸುವ ಮನೆ ಅದು. ಆ ವರ್ಷದಿಂದ ಆ ಪೂಜೆಗೆ ಮೊದಲ ಕುಂಕುಮ ರಾಯರ ಎದೆಗೆ ಬೀಳುತ್ತಿತ್ತಂತೆ. ಅಂಗಿಯ ಗುಂಡಿ ಬಿಚ್ಚಿ, ಪೆಟ್ಟಿಗೆ ಉಬ್ಬಿದ ಕಡೆ ಸುಮತಿ ಬೊಟ್ಟಿಟ್ಟು ನಮಸ್ಕಾರ ಮಾಡುತ್ತಿದ್ದರು. ಮ್ಯಾನೇಜರಿಗೆ ಬೋನಸ್ ಎಂದು ರಾಯರು ತಮಾಷೆ ಮಾಡುತ್ತಿದ್ದರು. ನಾನು ಬೈದು ಮಾನಿಟರನ್ನು ಅವರ ಮನೆಗೆ ಸಾಗಿಸಿದೆ. ಸ್ವಲ್ಪ ಕಾಲ ಮಾಹಿತಿ ಸರಿಯಾಗಿ ಬಂತು.

2024ರಲ್ಲಿ ಹೃದಯ ಮತ್ತೆ ಸೋಲತೊಡಗಿತು. ಉಪಕರಣ ತನ್ನ ಕೆಲಸ ಮಾಡುತ್ತಲೇ ಇತ್ತು, ಆದರೆ ಎತ್ತಬೇಕಾದ ಸ್ನಾಯುವಿನಲ್ಲೇ ಕಸುವು ಉಳಿದಿರಲಿಲ್ಲ. ಆ ವರ್ಷ ಒಂದು ಬೆಳಿಗ್ಗೆ ರಾಯರು ಗಲ್ಲಾದಲ್ಲಿ ಕೂತಲ್ಲೇ ಕುಸಿದರು. ಉಪಕರಣ ಶಾಕ್ ಕೊಟ್ಟಿತು, ರಾಯರು ಕಣ್ಣು ಬಿಟ್ಟರು. ಅದಿಲ್ಲದಿದ್ದರೆ ಅಂದೇ ಹೋಗುತ್ತಿದ್ದರು, ಅನುಮಾನವಿಲ್ಲ. ಸುಮತಿ ಎದುರಿಗೇ ನಿಂತಿದ್ದರು. ಆಕೆಯ ಪಾಲಿಗೆ ಆ ಪೆಟ್ಟಿಗೆ ಅವತ್ತಿನಿಂದ ನಿಜವಾಗಿಯೂ ದೇವರಾಯಿತು. ನವರಾತ್ರಿಯ ಪೂಜೆಗೆಂದು ಹೋಟೆಲಿಗೆ ಹೋದ ಮಾನಿಟರ್ ಮತ್ತೆ ಮನೆಗೆ ಬರಲಿಲ್ಲ. ನಾವು ಕೇಳಿದಾಗಲೆಲ್ಲ ರಾಯರು ಇವತ್ತು ತರುತ್ತೇನೆ, ನಾಳೆ ತರುತ್ತೇನೆ ಎಂದು ದಿನ ತಳ್ಳಿದರು.

ಯಾಕೆಂದು ತಿಳಿದದ್ದು ಮುಂದಿನ ತಪಾಸಣೆಯಲ್ಲಿ. ರಾಯರು ಬಹಳ ಇಳಿದುಹೋಗಿದ್ದರು. ಹೆಂಡತಿಯನ್ನು ಔಷಧಿ ತರಲು ಕೆಳಗೆ ಕಳಿಸಿ, ನಾನು ಪೆಟ್ಟಿಗೆಯ ದಾಖಲೆ ಓದುವ ಯಂತ್ರ ಕೈಗೆತ್ತಿಕೊಳ್ಳುವಷ್ಟರಲ್ಲಿ ತಡೆದರು.

"ನೀವು ನೋಡುವ ಮೊದ್ಲೇ ಹೇಳ್ತೇನೆ ಶಾಂತಕ್ಕ. ಅದು ನನ್ಗೆ ಸುಮಾರು ಸಲ ಹೊಡ್ದಿದೆ. ಸುಮತಿಗೆ ಗೊತ್ತಿಲ್ಲ."

ಬಚ್ಚಲಿನಲ್ಲಿ, ಹೋಟೆಲಿನ ಸಾಮಾನು ಕೋಣೆಯಲ್ಲಿ ಶಾಕ್ ಬಿದ್ದಿತ್ತು. ಒಮ್ಮೆ ಮಲಗಿದ್ದಾಗ ಬಿದ್ದು ಕೂಗಿಕೊಂಡಾಗ, ಕಾಲು ಸೆಟೆದುಕೊಂಡಿತು ಎಂದು ಸುಳ್ಳು ಹೇಳಿದ್ದರು. ಹೇಳಿದರೆ ಅವಳು ಊಟ ಬಿಟ್ಟು ದೇವರೆದುರು ಕೂರುತ್ತಾಳೆ ಎಂಬುದು ಅವರ ಚಿಂತೆ. ಮಾನಿಟರ್ ಹೋಟೆಲಿನಲ್ಲೇ ಉಳಿದರೆ ನಮಗೂ ಗೊತ್ತಾಗುವುದಿಲ್ಲ ಎಂಬುದು ಅವರ ಜಾಣತನ. ಇಷ್ಟು ವರ್ಷ ಯಾವುದಕ್ಕೂ ಹೆದರದ ಮನುಷ್ಯ ಈಗ ಸ್ನಾನಕ್ಕೆ ಹೋಗಲು, ಕಣ್ಣು ಮುಚ್ಚಲು ಹೆದರುತ್ತಿದ್ದರು. ಯಾವ ಗಳಿಗೆಯಲ್ಲಿ ಹೊಡೆಯುತ್ತದೋ ಎಂದು ಕಾಯುವುದೇ ಅವರ ದಿನಚರಿಯಾಗಿತ್ತು. ನನ್ನ ಕೈ ಹಿಡಿದು ಕೇಳಿದರು.

"ಎತ್ತುವ ಕೆಲ್ಸ ಇರ್ಲಿ. ಹೊಡಿಯೂದನ್ನು ಮಾತ್ರ ನಿಲ್ಲಿಸ್ಲಿಕ್ಕೆ ಆಗ್ತದಾ?"

ಆಗುತ್ತದೆ ಎಂದೆ. ಆದರೆ ಅದು ನಾನು ಮಾಡುವ ತೀರ್ಮಾನವಲ್ಲ. ನಮ್ಮ ಹೃದ್ರೋಗ ತಜ್ಞ ಡಾಕ್ಟರ್ ಜೋಶಿಯವರಿಗೆ ತಿಳಿಸಿದೆ. ಅವರು ರಾಯರನ್ನೂ ಸುಮತಿಯನ್ನೂ ಕೂರಿಸಿ ಮಾತಾಡಿದರು. ಬೇರೆ ಹೃದಯ ಕಸಿ ಮಾಡುವ ಸ್ಥಿತಿ ದಾಟಿದೆ, ಕಿಡ್ನಿಯೂ ಸೋತಿದೆ, ಇನ್ನು ಈ ಶಾಕ್‌ಗಳು ಆಯುಷ್ಯವನ್ನು ಹೆಚ್ಚೇನೂ ಬೆಳೆಸುವುದಿಲ್ಲ, ನೋವು ಮಾತ್ರ ಬೆಳೆಸುತ್ತವೆ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಗಂಡ ಮುಚ್ಚಿಟ್ಟ ಶಾಕ್‌ಗಳ ವಿಷಯ ಸುಮತಿಗೆ ಗೊತ್ತಾದದ್ದು ಅಲ್ಲಿಯೇ. ನಾನು ಎಲ್ಲವನ್ನೂ ಮತ್ತೊಮ್ಮೆ ಕನ್ನಡದಲ್ಲಿ ಹೇಳಿದೆ. ಆಕೆ ನನ್ನ ಕಡೆ ತಿರುಗಿ ಕೇಳಿದರು.

"ಅವತ್ತು ಗಲ್ಲಾದ ಹತ್ರ ಇವರನ್ನು ಉಳಿಸಿದ್ದು ಅದೇ ಅಲ್ವಾ? ಅದನ್ನು ಬಂದ್ ಮಾಡಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಕಾಯಿಲೆ ರಾಯರದು, ಎದೆ ರಾಯರದು. ಅವರೊಬ್ಬರು ಹೇಳಿದರೆ ಸಾಕಿತ್ತು, ಡಾಕ್ಟರೂ ಅದನ್ನೇ ಹೇಳಿದರು. ಆದರೆ ರಾಯರು ಹೆಂಡತಿಯ ಮುಖ ನೋಡಿದರು, ಮಾತು ಬದಲಿಸಿದರು. "ಬೇಡ ಡಾಕ್ಟ್ರೆ. ಇವಳು ಹೇಳಿದ ದಿನ ಮಾಡುವ."

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಒಬ್ಬರಿಗೊಬ್ಬರು ನೋವು ಕೊಡಬಾರದೆಂದು ಇಬ್ಬರೂ ನೋವು ತಿನ್ನಲು ಹೊರಟಿದ್ದರು. ನಲವತ್ತು ವರ್ಷ ಒಟ್ಟಿಗಿದ್ದವರ ನಡುವೆ ಮೂರನೆಯವಳು ಎಷ್ಟು ಮಾತಾಡಬಹುದು?

ಕೊನೆಗೆ ಡಾಕ್ಟರ ಒಪ್ಪಿಗೆ ಪಡೆದು ಮಧ್ಯದ ಒಂದು ದಾರಿ ಮಾಡಿದೆ. ನಮ್ಮ ವಿಭಾಗದಲ್ಲಿ ಬಳಸುವ ಒಂದು ಮ್ಯಾಗ್ನೆಟ್ ಉಂಟು, ಉದ್ದಿನ ವಡೆಯ ಹಾಗೆ ದುಂಡಗೆ, ನಡುವೆ ತೂತು. ರಾಯರ ಮಾದರಿಯ ಉಪಕರಣದ ಮೇಲೆ ಅದನ್ನು ಇಟ್ಟರೆ, ಇಟ್ಟಷ್ಟು ಹೊತ್ತು ಶಾಕ್ ನಿಲ್ಲುತ್ತದೆ. ಎತ್ತುವ ಕೆಲಸ ನಡೆದೇ ಇರುತ್ತದೆ. ತೆಗೆದ ಕೂಡಲೇ ಶಾಕ್ ಮತ್ತೆ ಸಿದ್ಧವಾಗುತ್ತದೆ. ಇದನ್ನೆಲ್ಲ ಹೇಳಿ, ಸಾಲಾಗಿ ಹೊಡೆಯತೊಡಗಿದರೆ ಮೊದಲು ನಮಗೆ ಫೋನ್ ಮಾಡಿ, ನಾವು ಹೇಳಿದರೆ ಇದನ್ನು ಇಡಿ, ಅಲ್ಲಿಯವರೆಗೆ ಹತ್ತಿರವೇ ಇರಲಿ ಎಂದು ಸುಮತಿಯ ಕೈಗೆ ಕೊಟ್ಟೆ. ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಭಾನುವಾರ, ನನಗೆ ಠಾಣೆಯಲ್ಲಿ ಡ್ಯೂಟಿ. ಮಧ್ಯಾಹ್ನ ರಾಯರ ಮಗ ನಿಖಿಲ್ ಫೋನ್ ಮಾಡಿದ. ಐರೋಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಆಂಟಿ, ಅಪ್ಪ ಕೋ ಶಾಕ್ ಪೇ ಶಾಕ್ ಲಗ್ ರಹಾ ಹೈ" ಎಂದ. ಅಪ್ಪನಿಗೆ ಒಂದರ ಮೇಲೊಂದು ಶಾಕ್ ಬೀಳುತ್ತಿದೆಯಂತೆ. ಹಿಂದಿನಿಂದ ರಾಯರ ಕೂಗು ಕೇಳಿಸಿತು. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ, ಇನ್ನೊಮ್ಮೆ ಕೇಳುವುದೂ ಬೇಡ. ಶಾಕ್ ಬಿದ್ದಾಗ ಸುಮತಿ ಗಂಡನನ್ನು ತಬ್ಬಿ ಹಿಡಿದಿದ್ದರಂತೆ. ಆ ಹೊಡೆತಕ್ಕೆ ಇಡೀ ಮೈ ಎಗರಿದ್ದು ಆಕೆಯ ತೋಳಿಗೇ ತಿಳಿದಿತ್ತು.

ಮ್ಯಾಗ್ನೆಟ್ ಎಲ್ಲಿ ಎಂದು ಕೇಳಿದೆ. ಮಾನಿಟರ್ ಇದ್ದಲ್ಲೇ ಅದೂ ಇರಲಿ ಎಂದು ಸುಮತಿ ಅದನ್ನು ಹೋಟೆಲಿನ ದೇವರ ಗೂಡಿನಲ್ಲಿ ಇಟ್ಟಿದ್ದರು. ಹೋಟೆಲ್ ಮನೆಯಿಂದ ಎರಡು ಓಣಿ ಆಚೆ. ನಾನು ಬೈಯಲಿಲ್ಲ. ಓಡು ಎಂದಷ್ಟೇ ನಿಖಿಲ್‌ಗೆ ಹೇಳಿದೆ.

ಡಾಕ್ಟರ್ ಜೋಶಿಯವರಿಗೆ ಫೋನ್ ಮಾಡಿದೆ. ಐಸಿಯು ಬೇಡವೆಂದು ರಾಯರು ಮೊದಲೇ ಹೇಳಿಬಿಟ್ಟಿದ್ದರು. ಶಾಕ್ ಉಳಿಸುವುದು, ನಿಲ್ಲಿಸುವುದು, ಈ ಎರಡು ದಾರಿಯನ್ನೂ ಮನೆಯವರಿಗೆ ಹೇಳು, ಅವರು ಒಪ್ಪಿದರೆ ಹೋಗಿ ಶಾಕ್ ನಿಲ್ಲಿಸು, ಆದೇಶ ಬರೆದು ಕಳಿಸುತ್ತೇನೆ ಎಂದರು. ಉಪಕರಣದ ಸೆಟ್ಟಿಂಗ್ ಬದಲಿಸುವ ಪ್ರೋಗ್ರಾಮರ್ ಎಂಬ ಯಂತ್ರವನ್ನು ಹೆಗಲಿಗೇರಿಸಿ ಸ್ಟೇಷನ್ನಿಗೆ ಬಂದರೆ ಭಾನುವಾರದ ಮೆಗಾಬ್ಲಾಕ್, ಹಳಿ ರಿಪೇರಿ ನಡೆದಿತ್ತು. ಸ್ಲೋ ಗಾಡಿಗಳನ್ನೆಲ್ಲ ಫಾಸ್ಟ್ ಹಳಿಗೆ ತಿರುಗಿಸಿದ್ದರು. ಪ್ಲಾಟ್‌ಫಾರ್ಮಿನಲ್ಲಿ ಜಾತ್ರೆ. ಶೀಲ್‌ಫಾಟಾ ರಸ್ತೆಯ ಟ್ರಾಫಿಕ್ಕಿನ ಗತಿ ಗೊತ್ತಿದ್ದ ನಾನು ರಿಕ್ಷಾದ ಆಸೆ ಬಿಟ್ಟು ಬಂದ ಗಾಡಿಗೆ ನುಗ್ಗಿದೆ. ಸುಮತಿ ಫೋನಿನಲ್ಲೇ ಇದ್ದರು. ಅಳುತ್ತಿದ್ದರು. ನಡುವೆ ಮತ್ತೊಮ್ಮೆ ಆ ಕೂಗು ಕೇಳಿಸಿತು. ಅಷ್ಟರಲ್ಲಿ ಗಾಡಿ ಪಾರಸಿಕ ಸುರಂಗ ಹೊಕ್ಕು ಫೋನ್ ಕಟ್ಟಾಯಿತು.

ಸಾವಿರಾರು ಸಲ ದಾಟಿದ ಸುರಂಗ ಅದು. ಅವತ್ತಿನಷ್ಟು ಉದ್ದ ಎಂದೂ ಇರಲಿಲ್ಲ.

ಮುಂಬ್ರಾ ಬಂದಾಗ ಮತ್ತೆ ಫೋನ್ ಹತ್ತಿತು. ನಿಖಿಲ್ ಮ್ಯಾಗ್ನೆಟ್ ತಂದು ತಾಯಿಯ ಕೈಗೆ ಕೊಟ್ಟಿದ್ದ. ಸುಮತಿ ಅದನ್ನು ಹಿಡಿದು ಕೂತಿದ್ದರು, ಇಟ್ಟಿರಲಿಲ್ಲ. ಇಟ್ಟರೆ ಏನಾಗುತ್ತದೆ, ನಿಜ ಹೇಳಿ ಎಂದು ಕೇಳಿದರು. ಗಾಡಿಯ ಸದ್ದಿನಲ್ಲಿ ನಾನು ಕೂಗಿಯೇ ಹೇಳಬೇಕಾಯಿತು.

"ವೈನಿ, ಇಟ್ರ ಅದು ಹೊಡಿಯಂಗಿಲ್ಲ. ಆದ್ರ ಹೃದಯ ತಾನಾಗಿ ಹಾದಿಗೆ ಬರಲಿಲ್ಲಂದ್ರ ಉಳಸಲಿಕ್ಕೆ ಮತ್ಯಾರೂ ಇರಂಗಿಲ್ಲ. ಎರಡೂ ತಿಳಕೊಂಡು ನೀವ ಹೇಳ್ರಿ."

ಸುತ್ತಲಿನ ಹೆಂಗಸರಿಗೆ ಕನ್ನಡ ತಿಳಿಯದು, ಆದರೂ ಮಾತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಫೋನಿನಲ್ಲಿ ಸುಮತಿ ಗಂಡನನ್ನು ಕೇಳಿದ್ದು ಕೇಳಿಸಿತು. "ಇಡ್ಲಾ?"

ರಾಯರ ದನಿ ಬಂತು. "ಇಡು."

ನಾನು ಮನೆ ತಲುಪಿದಾಗ ರಾಯರು ಬದುಕಿದ್ದರು. ಹೃದಯ ಹೇಗೋ ತಾನಾಗಿ ಲಯಕ್ಕೆ ಮರಳಿತ್ತು. ಬೆವರಿನಲ್ಲಿ ತೊಯ್ದು ಕಣ್ಣು ಮುಚ್ಚಿ ಮಲಗಿದ್ದರು. ಸುಮತಿ ಮಂಚದ ಮೇಲೆ ಕೂತು, ಅವರೆದೆಯ ಮೇಲಿನ ಮ್ಯಾಗ್ನೆಟ್ಟನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ಮ್ಯಾಗ್ನೆಟ್ ಇಟ್ಟಾಗಿನಿಂದ ಆ ಕೈ ಅಲುಗಿರಲಿಲ್ಲ. ಬೆರಳ ತುದಿಗಳು ಬೆಳ್ಳಗಾಗಿದ್ದವು. ಡಾಕ್ಟರ ಆದೇಶ ಬಂದಿತ್ತು. ನಾನು ರಾಯರನ್ನೂ ಸುಮತಿಯನ್ನೂ ಮತ್ತೊಮ್ಮೆ ಕೇಳಿದೆ. ಈ ಸಲ ಇಬ್ಬರೂ ತಲೆಯಾಡಿಸಿದರು. ಪ್ರೋಗ್ರಾಮರ್ ಜೋಡಿಸಿ ಶಾಕ್ ನಿಲ್ಲಿಸಿದೆ. ಅದಕ್ಕೆ ಹಿಡಿದದ್ದು ಚಹಾ ಸೋಸುವಷ್ಟು ಹೊತ್ತು. ಇಷ್ಟು ಸಣ್ಣ ಕೆಲಸಕ್ಕೆ ಎಷ್ಟು ನೋವು ತಿಂದರಲ್ಲ.

ಇನ್ನು ಕೈ ತೆಗೆಯಿರಿ ಎಂದೆ. ಸುಮತಿ ತೆಗೆಯಲಿಲ್ಲ.

"ತೆಗೆದ್ರೆ ಮತ್ತೆ ಹೊಡೀತದಾ?"

"ಇಲ್ರಿ ವೈನಿ. ಇನ್ನ ಎಂದೂ ಹೊಡಿಯಂಗಿಲ್ಲ."

ಆದರೂ ಆ ಕೈ ಮೇಲೇಳಲಿಲ್ಲ. ನಾನೇ ಪಕ್ಕದಲ್ಲಿ ಕೂತು ಒಂದೊಂದಾಗಿ ಬೆರಳು ಬಿಡಿಸಿದೆ. ರೋಗಿಗಳ ಮುಂದೆ ಅಳಬಾರದೆಂದು ಎಷ್ಟು ಜನ ಹೊಸಬರಿಗೆ ಪಾಠ ಹೇಳಿದ್ದೆನೋ. ಅವತ್ತು ಅತ್ತೆ. ರಾಯರು ಕಣ್ಣು ಬಿಟ್ಟು, ಮ್ಯಾನೇಜರ್ ಇನ್ನೂ ಇದ್ದಾನಾ ಎಂದು ಕೇಳಿದರು. ಇದ್ದಾನೆ, ಅವನ ಕೈಯಿಂದ ಕೋಲು ಕಸಿದುಕೊಂಡಿದ್ದೇವೆ ಅಷ್ಟೆ ಎಂದೆ. ಅವರು ನಕ್ಕು ನಿದ್ದೆ ಹೋದರು. ಎಷ್ಟೋ ತಿಂಗಳ ನಂತರ ಹೆದರಿಕೆಯಿಲ್ಲದೆ ಮಾಡಿದ ನಿದ್ದೆ ಅದು.

ಆಮೇಲೆ ರಾಯರು ಒಂದು ವಾರದ ಮೇಲೆ ಸ್ವಲ್ಪ ದಿನ ಇದ್ದರು. ಡಾಕ್ಟರು ನೋವಿಗೆ, ಉಸಿರಿಗೆ ಔಷಧಿ ಕೊಟ್ಟಿದ್ದರು. ಹೋಟೆಲಿನವರು ಬಂದು ಮಂಚದ ಸುತ್ತ ಕೂತು ಹೋಗುತ್ತಿದ್ದರು. ಬಾಯಿಗೆ ರುಚಿಯೇ ಇಲ್ಲ ಎಂದಾಗ ನಾನು ಸುಮತಿಗೆ ಫೋನಿನಲ್ಲಿ, ಹೋಟೆಲಿನ ಸಾರು ತರಿಸಿ, ಉಪ್ಪು ಹಾಕಿಯೇ ಕೊಡಿ ಎಂದೆ. ಶಾಂತಕ್ಕ ಉಪ್ಪು ಹಾಕಲು ಹೇಳಿದರೆಂದರೆ ನಾನು ಹೊರಟೆ ಅಂತ ಅರ್ಥ ಎಂದು ರಾಯರು ಹೇಳಿದರಂತೆ. ಹೇಳಿ ಎರಡು ಚಮಚ ಸಾರು ಚಪ್ಪರಿಸಿ ಕುಡಿದರಂತೆ.

ಒಂದು ಬೆಳಿಗ್ಗೆ ಹೆಂಡತಿ ಬೆನ್ನು ಒರೆಸುತ್ತಿದ್ದಾಗಲೇ ಹೋಗಿಬಿಟ್ಟರು. ಇಂಥ ಉಪಕರಣವನ್ನು ದೇಹದಲ್ಲೇ ಬಿಟ್ಟು ಸುಡುವಂತಿಲ್ಲ, ಬೆಂಕಿಗೆ ಬ್ಯಾಟರಿ ಸಿಡಿಯುತ್ತದೆ. ಅದನ್ನು ತೆಗೆಯಲು ಆಸ್ಪತ್ರೆಯ ಜೂನಿಯರ್ ಡಾಕ್ಟರರ ಜೊತೆ ನಾನೂ ಹೋದೆ. ತೆಗೆಯುವ ಮೊದಲು ಪ್ರೋಗ್ರಾಮರ್ ಜೋಡಿಸಿದೆ. ಪರದೆಯ ಮೇಲೆ ಸಂಕೇತಗಳು ಸಾಲಾಗಿ ಮೂಡುತ್ತಿದ್ದವು. ಮನುಷ್ಯ ಹೋದದ್ದು ಯಂತ್ರಕ್ಕೆ ತಿಳಿಯುವುದಿಲ್ಲ. ಎತ್ತಿ, ಎತ್ತಿ ಎಂದು ಅದು ಎರಡೂ ಕಡೆಗೆ ಹೇಳುತ್ತಲೇ ಇತ್ತು. ಎತ್ತುವವರು ಯಾರೂ ಇರಲಿಲ್ಲ.

ಸುಮತಿ ನನ್ನ ಬೆನ್ನ ಹಿಂದೆ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ.

"ಅದು ಈಗ್ಲೂ ಕೆಲ್ಸ ಮಾಡ್ತಾ ಉಂಟಾ?"

ಹೌದು ಎಂದೆ. ಆಕೆ ಬಹಳ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ ಬಗ್ಗಿ, ಗಂಡನ ಎದೆಯ ಮೇಲೆ ಪೆಟ್ಟಿಗೆ ಉಬ್ಬಿದ ಜಾಗವನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡರು.

"ಇಷ್ಟು ವರ್ಷ ಒಂದು ದಿನ ರಜೆ ಹಾಕಿದ್ದಿಲ್ಲ. ಇನ್ನು ಅದಕ್ಕೂ ರಜೆ ಕೊಡಿ ಶಾಂತಕ್ಕ."

ಯಾವ ಬಾಯಲ್ಲಿ ಹೇಳಲಿ ಎಂದಿದ್ದ ಬಾಯಿ ಅದು. ನಾನು ಗುಂಡಿ ಒತ್ತಿದೆ. ಪರದೆ ಖಾಲಿಯಾಯಿತು.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಿಖಿಲ್ ಆಸ್ಪತ್ರೆಗೆ ಬಂದು ಮಾನಿಟರ್ ಮತ್ತು ಮ್ಯಾಗ್ನೆಟ್ ವಾಪಸ್ ಕೊಟ್ಟ. ಮ್ಯಾಗ್ನೆಟ್ಟನ್ನು ಹೋಟೆಲಿನ ಪಾರ್ಸೆಲ್ ಕಾಗದದಲ್ಲಿ ಸುತ್ತಿದ್ದರು. ಅದರ ತೂತಿನ ಅಂಚಿನಲ್ಲಿ ಕುಂಕುಮ ಇನ್ನೂ ಹಾಗೇ ಇತ್ತು. ಆಸ್ಪತ್ರೆಯ ಸಾಮಾನು, ಸ್ಪಿರಿಟ್ ಹಾಕಿ ಒರೆಸಬೇಕಿತ್ತು. ಒರೆಸಲಿಲ್ಲ. ಲೆಕ್ಕಕ್ಕೆ ಬೇರೆ ಮ್ಯಾಗ್ನೆಟ್ ತಂದಿಟ್ಟು ಇದನ್ನು ನನ್ನ ಮೇಜಿನಲ್ಲೇ ಇಟ್ಟುಕೊಂಡೆ.

ನಮ್ಮ ವೃತ್ತಿಯಲ್ಲಿ ಉಪಕರಣ ಶುರು ಮಾಡುವ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇವೆ. ನಿಲ್ಲಿಸುವ ಮಾತು ಬಂದಾಗ ಎಲ್ಲರೂ ಕೆಮ್ಮುತ್ತೇವೆ. ಆ ಮಾತಿಗೆ ಕೊನೆಯ ದಿನ ಬರಲೆಂದು ಕಾಯಬಾರದು, ಮೊದಲ ದಿನವೇ ಆಡಬೇಕು. ರೋಗಿ ಇನ್ನೂ ನಗುತ್ತಿರುವಾಗ, ಪೆಟ್ಟಿಗೆಗೆ ಯಾರೂ ಕುಂಕುಮ ಹಚ್ಚದಿರುವಾಗ ಆಡಬೇಕು. ರಾಯರು ನನಗೆ ಕಲಿಸಿದ್ದು ಇದು. ನಿವೃತ್ತಳಾಗುವವರೆಗೂ, ಹೊಸದಾಗಿ ಉಪಕರಣ ಹಾಕಿಸಿಕೊಂಡವರಿಗೆ ಕೊಪ್ಪರಿಗೆಯ ವಿಷಯ ಹೇಳಿದ ಕೂಡಲೇ ಇದನ್ನೂ ಹೇಳುತ್ತಿದ್ದೆ. ಇದಕ್ಕೆ ಎರಡು ಕೆಲಸ, ಎರಡನೆಯದನ್ನು ಬೇಡವೆಂದ ದಿನ ನಿಲ್ಲಿಸಬಹುದು, ಅದು ಸಾಯಿಸುವುದಲ್ಲ. ಶುಭ ನುಡಿಯಬಾರದೇ ಎಂದು ಮುಖ ತಿರುಗಿಸಿದವರಿದ್ದಾರೆ. ಎದ್ದುಹೋದವರೂ ಇದ್ದಾರೆ. ಕೂತು ಕೇಳಿದವರ ಹೆಂಡತಿಯ ಕೈಗೋ ಗಂಡನ ಕೈಗೋ ಆ ಕುಂಕುಮದ ಮ್ಯಾಗ್ನೆಟ್ಟನ್ನು ಒಂದು ಗಳಿಗೆ ಕೊಟ್ಟು, ಅದರ ತೂಕ ನೋಡಲು ಹೇಳುತ್ತಿದ್ದೆ. ಯಾರಾದರೂ ಅದನ್ನು ಕಣ್ಣಿಗೊತ್ತಿಕೊಳ್ಳಲು ಹೋದರೆ ಕೈ ಹಿಡಿದು ತಡೆಯುತ್ತಿದ್ದೆ.

"ಇದು ದೇವರ ಗೂಡಿನಾಗ ಇಡೂದಲ್ರಿ. ದಿಂಬಿನ ಪಕ್ಕ ಇಡ್ರಿ."